ಬಟಾಣಿ ಗಿಡ ಬೆಳೆಯುವುದನ್ನು ತೋರಿಸಿ ಹಣ ಹೊಂದಿಸಿದ ದಾದಾಸಾಹೇಬ್ ಫಾಲ್ಕೆ

ಭಾರತೀಯ ಚಿತ್ರರಂಗದ ಪಿತಾಮಹ ದಾದಾಸಾಹೇಬ್ ಫಾಲ್ಕೆ ಎಂದೊಡನೆ ನೆನಪಾಗುವುದು 1913ರ 'ರಾಜಾ ಹರಿಶ್ಚಂದ್ರ'. ಆದರೆ ಅದಕ್ಕೂ ಮೊದಲು ಅವರ ಕ್ಯಾಮೆರಾ ಕಣ್ಣಿಟ್ಟು ನೋಡಿದ್ದು ರಾಜನನ್ನೂ ಅಲ್ಲ, ದೇವರನ್ನೂ ಅಲ್ಲ. ಕುಂಡದಲ್ಲಿ ನೆಟ್ಟ ಬಟಾಣಿ ಕಾಳನ್ನು. ಮೊಗ್ಗು ಅರಳುವುದನ್ನು, ಬಳ್ಳಿ ಹಬ್ಬುವುದನ್ನು ಇಂದಿನ ಪರಿಸರ ಸಾಕ್ಷ್ಯಚಿತ್ರಗಳು ಕೆಲವೇ ಕ್ಷಣಗಳಲ್ಲಿ ತೋರಿಸುತ್ತವೆ. ಆ ತಂತ್ರವನ್ನು ಫಾಲ್ಕೆ 1912ರಲ್ಲೇ ಮಾಡಿ ತೋರಿಸಿದ್ದರು.

ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ. ನಿಜ ಹೆಸರು ಧುಂಡಿರಾಜ್ ಗೋವಿಂದ ಫಾಲ್ಕೆ. ತಂದೆ ಸಂಸ್ಕೃತ ವಿದ್ವಾಂಸರು. ಮುಂಬೈನ ಜೆ.ಜೆ. ಕಲಾಶಾಲೆ ಮತ್ತು ಬರೋಡಾದ ಕಲಾಭವನದಲ್ಲಿ ಕಲಿತ ಅವರು ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ತೆರೆದರು. ಅಲ್ಲಿ ಪ್ಲೇಗ್ ಮಾರಿ ಮೊದಲ ಪತ್ನಿ ಮತ್ತು ಮಗುವನ್ನು ಬಲಿ ಪಡೆಯಿತು. ನಂತರ ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿದರು, ಲೋಣಾವಳದಲ್ಲಿ ಮುದ್ರಣಾಲಯ ನಡೆಸಿದರು. ಪಾಲುದಾರರೊಂದಿಗೆ ಹೊಂದಾಣಿಕೆಯಾಗದೆ ಅದನ್ನೂ ಬಿಟ್ಟು ಬಂದಾಗ ವಯಸ್ಸು ನಲವತ್ತರ ಹತ್ತಿರ. ಕೈಯಲ್ಲಿ ಕೆಲಸವಿರಲಿಲ್ಲ.

ಬದುಕು ಬದಲಿಸಿದ ಪರದೆ

ಆ ದಿನಗಳಲ್ಲೇ ಮುಂಬೈನ ಗಿರಗಾಂವ್‌ನಲ್ಲಿ ಅವರು ಚಲನಚಿತ್ರ ನೋಡಿದರು. ಮೊದಲು ಪ್ರಾಣಿಗಳ ಕುರಿತ ಒಂದು ಚಿತ್ರ, ಬಳಿಕ ಏಸುಕ್ರಿಸ್ತನ ಜೀವನ ಚಿತ್ರ. ಪರದೆಯ ಮೇಲೆ ನಮ್ಮ ರಾಮ, ಕೃಷ್ಣರನ್ನೂ ತರಬೇಕೆಂಬ ಹಂಬಲ ಹುಟ್ಟಿತು. ಹಗಲು ರಾತ್ರಿ ಚಿತ್ರ ನೋಡಿ, ಪ್ರಯೋಗ ಮಾಡಿ ಕಣ್ಣಿನ ದೃಷ್ಟಿಯೇ ಮಂಕಾಯಿತು. ಚಿಕಿತ್ಸೆಯ ನಂತರವಷ್ಟೇ ಸುಧಾರಿಸಿತು. ಜೀವವಿಮೆ ಪಾಲಿಸಿ ಅಡವಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್‌ಗೆ ಹಡಗು ಹತ್ತಿದರು. ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋದಲ್ಲಿ ಕೆಲಸ ನೋಡಿ ಕಲಿತು, ವಿಲಿಯಮ್ಸನ್ ಕ್ಯಾಮೆರಾ ಖರೀದಿಸಿ ಮರಳಿದರು.

ಚಿತ್ರ ತೆಗೆಯಲು ಹಣ ಹಾಕುವವರು ಯಾರು? ಚಲಿಸುವ ಚಿತ್ರದ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಫಾಲ್ಕೆ ಮಾತಿನಲ್ಲಿ ಒಪ್ಪಿಸಲು ಹೋಗಲಿಲ್ಲ. ಬಟಾಣಿ ಬಿತ್ತಿ, ಕುಂಡದ ಮುಂದೆ ಕ್ಯಾಮೆರಾ ನಿಲ್ಲಿಸಿದರು. ಕದಲಿಸದೆ ಒಂದು ತಿಂಗಳಿಗೂ ಹೆಚ್ಚು ಕಾಲ ಸ್ವಲ್ಪ ಸ್ವಲ್ಪವೇ ಚಿತ್ರೀಕರಿಸಿದರು. ಕಾಳು ಮೊಳೆತು, ಎಲೆ ಬಿಟ್ಟು, ಬಳ್ಳಿಯಾಗುವ ಕಥೆ ಒಂದು ನಿಮಿಷದಷ್ಟು ಚಿತ್ರವಾಯಿತು. ಹೆಸರು 'ಅಂಕುರಾಚಿ ವಾಢ್', ಅಂದರೆ ಮೊಳಕೆಯ ಬೆಳವಣಿಗೆ. ಅದನ್ನು ನೋಡಿದವರು ಸಾಲ ಕೊಡಲು ಒಪ್ಪಿದರು. ಪತ್ನಿ ಸರಸ್ವತಿಬಾಯಿ ಒಡವೆಗಳನ್ನೂ ಕೊಟ್ಟರು. ಚಿತ್ರತಂಡಕ್ಕೆ ಅಡುಗೆ ಮಾಡಿ ಬಡಿಸಿದ ಅದೇ ಕೈ ರಾತ್ರಿ ಕತ್ತಲಲ್ಲಿ ಫಿಲ್ಮ್‌ಗೆ ರಂಧ್ರ ಕೊರೆಯುತ್ತಿತ್ತು. 1913ರ ಮೇ 3ರಂದು 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು.

ಜನರ ನಡತೆಯೂ ಚಿತ್ರದ ವಸ್ತು

'ಲಂಕಾ ದಹನ', 'ಕಾಳಿಯ ಮರ್ದನ' ಮುಂತಾದ ಪೌರಾಣಿಕ ಚಿತ್ರಗಳು ಹೆಸರು ತಂದವು. ಅವುಗಳ ನಡುವೆಯೇ ಫಾಲ್ಕೆ ಸುತ್ತಲಿನ ಬದುಕನ್ನೂ ದಾಖಲಿಸಿದರು. ನಾಸಿಕ್‌ನಲ್ಲಿ ಗೋದಾವರಿ ಸ್ನಾನಕ್ಕೆ ಸೇರುವ ಸಿಂಹಸ್ಥ ಪರ್ವ, ಪುಣೆ ಬಳಿಯ ತಳೇಗಾಂವ್‌ನ ಗಾಜಿನ ಕಾರ್ಖಾನೆ, ಬೆಂಕಿಕಡ್ಡಿಗಳ ಆಟ, ಧೂಮಪಾನ, ಸ್ವತಃ ಸಿನಿಮಾ ತಯಾರಾಗುವ ಬಗೆ, ಎಲ್ಲವೂ ಅವರ ಕಿರುಚಿತ್ರಗಳಿಗೆ ವಸ್ತುವಾದವು. ಸಾಕ್ಷ್ಯಚಿತ್ರ ಎಂಬ ಪದ ಇಲ್ಲಿ ಬಳಕೆಗೆ ಬರುವ ಮೊದಲೇ ಅವರು ಜನರ ದುಡಿಮೆ, ಹಬ್ಬ, ಚಟಗಳನ್ನು ಜನರಿಗೇ ತೋರಿಸಿದ್ದರು.

ಮಾತಿನ ಚಿತ್ರಗಳು ಬಂದ ಮೇಲೆ ಫಾಲ್ಕೆ ಹಿಂದೆ ಉಳಿದರು. ಕೊಲ್ಹಾಪುರದಲ್ಲಿ ತೆಗೆದ, ಗಂಗೆ ಭೂಮಿಗಿಳಿದ ಕಥೆಯ 'ಗಂಗಾವತರಣ' (1937) ಅವರ ಕೊನೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕ್‌ನಲ್ಲಿ ನಿಧನರಾದಾಗ ಕೈ ಬರಿದಾಗಿತ್ತು.

ಪುಣೆಯಲ್ಲಿ ಉಳಿದದ್ದು

ಬರಿದಾದದ್ದು ಅವರ ಕೈ ಮಾತ್ರವಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು, ವರ್ಷ ಕಳೆದಂತೆ ಕೊಳೆಯುತ್ತಿತ್ತು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಹಳೆಯ ಪ್ರತಿಗಳನ್ನು ಮಾರಿ ಕರಗಿಸಿದವರೂ ಇದ್ದರು. ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು.

ಪುಣೆಯ ಶಿವಾಜಿನಗರಕ್ಕೆ ಹತ್ತಿರದ ಲಾ ಕಾಲೇಜು ರಸ್ತೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. 1964ರಲ್ಲಿ ಆರಂಭವಾದ ಇದರ ಕ್ಯುರೇಟರ್ ಆಗಿದ್ದ ಪಿ.ಕೆ. ನಾಯರ್, ಫಾಲ್ಕೆ ಕುಟುಂಬದವರನ್ನು ಹುಡುಕಿಕೊಂಡು ಹೋಗಿ ಅವರ ಚಿತ್ರಗಳ ತುಣುಕುಗಳನ್ನು ತಂದು ಉಳಿಸಿದರು. 2003ರಲ್ಲಿ ಪುಣೆಯಲ್ಲೇ ನೈಟ್ರೇಟ್ ಫಿಲ್ಮ್‌ಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಹಲವು ಹಳೆಯ ಚಿತ್ರಗಳ ಮೂಲ ಪ್ರತಿಗಳು ಸುಟ್ಟುಹೋದವು. ಮೊದಲೇ ಬೇರೆ ಫಿಲ್ಮ್‌ಗೆ ನಕಲು ಮಾಡಿಟ್ಟಿದ್ದರಿಂದ ಕೆಲವಾದರೂ ಉಳಿದುಕೊಂಡವು.

1969ರಿಂದ ನೀಡಲಾಗುತ್ತಿರುವ, ಚಿತ್ರರಂಗದ ಅತ್ಯುನ್ನತ ಪ್ರಶಸ್ತಿ ಫಾಲ್ಕೆ ಹೆಸರಿನಲ್ಲಿದೆ. ಕನ್ನಡದ ವರನಟ ಡಾ. ರಾಜ್‌ಕುಮಾರ್ 1995ರ ಸಾಲಿನಲ್ಲಿ, ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ 2008ರ ಸಾಲಿನಲ್ಲಿ ಅದನ್ನು ಪಡೆದರು. ಪ್ರಶಸ್ತಿಯ ಹಿಂದಿನ ಹೆಸರು ಎಲ್ಲರಿಗೂ ಗೊತ್ತು. ಆ ಹೆಸರಿನ ಹಿಂದೆ ತಿಂಗಳುಗಟ್ಟಲೆ ಕಾಳಿನ ಮುಂದೆ ಕಾದು ಕುಳಿತ ಒಬ್ಬ ಮನುಷ್ಯನಿದ್ದ ಎಂಬುದು ಗೊತ್ತಿರುವವರು ಕಡಿಮೆ.