ಮೂರು ದೇಶ ತೊರೆದ ಖಜಾಂಚಿಯ ಪಸ್ಕ ಹಬ್ಬ

ಯೆಹೂದಿಗಳ ಪಸ್ಕ ಹಬ್ಬದ (ಪಾಸೋವರ್) ರಾತ್ರಿ ಊಟಕ್ಕೆ ಕುಳಿತಾಗ, ಈ ದಿನದ ವಿಶೇಷವೇನೆಂದು ಮನೆಯ ಅತಿ ಕಿರಿಯ ಮಗು ಕೇಳುವುದು ವಾಡಿಕೆ. ಉತ್ತರವಾಗಿ ಹಿರಿಯರು 'ಹಗ್ಗಾದಾ' ಗ್ರಂಥವನ್ನು ಓದುತ್ತಾರೆ. ಈಜಿಪ್ಟಿನ ಫೆರೋ ದೊರೆಯ ದಾಸ್ಯದಿಂದ ಪೂರ್ವಿಕರು ಬಿಡುಗಡೆಗೊಂಡ ಕಥೆ ಅದು. ಹಿಟ್ಟು ಹುಳಿಯುವಷ್ಟೂ ವ್ಯವಧಾನವಿಲ್ಲದೆ ಹೊರಟುದರ ನೆನಪಿಗೆ ಹುಳಿಯಿಲ್ಲದ ರೊಟ್ಟಿ. ದಾಸ್ಯದ ನೆನಪಿಗೆ ಕಹಿಸೊಪ್ಪು.

ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಎತ್ತಿದವರು ಮಗುವಲ್ಲ, ಅರವತ್ತರ ಅಂಚಿನಲ್ಲಿದ್ದ ಪಂಡಿತ ಡಾನ್ ಇಸಾಕ್ ಅಬ್ರವನೆಲ್.

1437ರಲ್ಲಿ ಲಿಸ್ಬನ್‌ನಲ್ಲಿ ಜನಿಸಿದ ಅವರು ಪೋರ್ಚುಗಲ್ ದೊರೆ ಐದನೇ ಅಫೊನ್ಸೊನ ಖಜಾಂಚಿಯಾಗಿದ್ದರು. ಮುಂದಿನ ದೊರೆ ರಾಜದ್ರೋಹದ ಆರೋಪ ಹೊರಿಸಿದಾಗ, 1483ರಲ್ಲಿ ಕ್ಯಾಸ್ಟೀಲ್‌ಗೆ ಪಲಾಯನ ಮಾಡಿದರು. ಅಲ್ಲಿ ಫರ್ಡಿನಾಂಡ್ ಮತ್ತು ಇಸಬೆಲ್ಲಾ ಅವರ ಸೇವೆಗೆ ಸೇರಿ, ಗ್ರನಾಡ ಯುದ್ಧಕ್ಕೆ ಹಣ ಹೊಂದಿಸಿಕೊಟ್ಟರು.

ವಿಧಿಯ ವ್ಯಂಗ್ಯ ನೋಡಿ. ಯುದ್ಧ ಗೆದ್ದ ರಾಜದಂಪತಿ ಅದೇ ಗ್ರನಾಡದಲ್ಲಿ 1492ರ ಮಾರ್ಚ್ 31ರಂದು ಶಾಸನವೊಂದಕ್ಕೆ ಸಹಿ ಹಾಕಿದರು: ಮತಾಂತರಗೊಳ್ಳದ ಯೆಹೂದಿಗಳು ಜುಲೈ ಅಂತ್ಯದೊಳಗೆ ದೇಶ ಬಿಡಬೇಕು, ಚಿನ್ನ, ಬೆಳ್ಳಿ ಒಯ್ಯುವಂತಿಲ್ಲ. ಪಸ್ಕ ಹಬ್ಬಕ್ಕೆ ಆಗ ಎರಡು ವಾರವೂ ಇರಲಿಲ್ಲ. ಅಬ್ರವನೆಲ್ ಅಪಾರ ಹಣ ನೀಡುವುದಾಗಿ ಮೊರೆಯಿಟ್ಟರೂ ಫಲಿಸಲಿಲ್ಲ. ಅವರೊಂದಿಗೆ ಆಸ್ಥಾನದಲ್ಲಿದ್ದ ಹಿರಿಯ ಅಬ್ರಹಾಂ ಸೆನೆಯೊರ್ ಮತಾಂತರಗೊಂಡು ಉಳಿದರು. ಅಬ್ರವನೆಲ್ ಹಡಗು ಹತ್ತಿದರು.

ಆಶ್ರಯ ನೀಡಿದ ನೇಪಲ್ಸ್ ಕೂಡ 1495ರಲ್ಲಿ ಫ್ರೆಂಚ್ ಸೇನೆಗೆ ವಶವಾಯಿತು. ಅವರ ಗ್ರಂಥಭಂಡಾರ ಲೂಟಿಯಾಯಿತು. ಸಿಸಿಲಿ, ಕಾರ್ಫು ಸುತ್ತಿ ಇಟಲಿಯ ಕರಾವಳಿ ಪಟ್ಟಣ ಮೊನೊಪೊಲಿಗೆ ಬಂದ ಅವರು 1496ರಲ್ಲಿ ಹಗ್ಗಾದಾ ಗ್ರಂಥಕ್ಕೆ 'ಜೆವಖ್ ಪೆಸಖ್' ಎಂಬ ವ್ಯಾಖ್ಯಾನವನ್ನು ಬರೆದು ಮುಗಿಸಿದರು. ಮೊದಲು ಪ್ರಶ್ನೆಗಳ ಸರಮಾಲೆ, ಬಳಿಕ ಸಮಾಧಾನ ಎಂಬುದು ಅವರ ಕ್ರಮ. ಇಲ್ಲಿರುವುದು ನೂರು ಪ್ರಶ್ನೆಗಳು. ಪೂರ್ವಿಕರು ಈಜಿಪ್ಟಿನಿಂದ ಪಾರಾದುದರಿಂದ ಇಂದು ಪರದೇಶಗಳಲ್ಲಿ ಅಲೆಯುತ್ತಿರುವ ತಮಗಾದ ಲಾಭವೇನು ಎಂಬುದು ಅವುಗಳಲ್ಲೊಂದು. ಮನೆಮಠ ಕಳೆದುಕೊಂಡವರ ಹಬ್ಬದ ಊಟದಲ್ಲಿ ಯಾರೂ ಬಾಯಿಬಿಟ್ಟು ಕೇಳಲಾರದ ಪ್ರಶ್ನೆಯದು. ಆ ಬಿಡುಗಡೆಯಿಂದಲೇ ಧರ್ಮಶಾಸ್ತ್ರವಾದ ತೋರಾ ದೊರೆಯಿತು. ನೆಲ ಕಳೆದುಹೋದರೂ ಆ ಗಳಿಕೆ ಕಳೆಯದು ಎಂಬುದು ಅವರು ಕಂಡುಕೊಂಡ ಉತ್ತರದ ಸಾರ.

1503ರಲ್ಲಿ ವೆನಿಸ್ ಸೇರಿದ ಅವರು ಅಲ್ಲಿರುವಾಗಲೇ, 1505ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗ್ರಂಥ ಅಚ್ಚಾಯಿತು. 1508ರಲ್ಲಿ ನಿಧನರಾದ ಅಬ್ರವನೆಲ್ ಅವರನ್ನು ಪಡುವಾದಲ್ಲಿ ಮಣ್ಣುಮಾಡಲಾಯಿತು. ಮರುವರ್ಷದ ಮುತ್ತಿಗೆಯಲ್ಲಿ ಆ ಸ್ಮಶಾನವೇ ನಾಶವಾದುದರಿಂದ, ಅವರ ಸಮಾಧಿಯ ಗುರುತು ಉಳಿದಿಲ್ಲ.