ಸೋತ ತರಬೇತುದಾರ, ಗೆದ್ದ ಆಟ: ಜೇಮ್ಸ್ ನೈಸ್ಮಿತ್

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಆ ಇತಿಹಾಸದಲ್ಲಿ ಗೆಲುವಿಗಿಂತ ಹೆಚ್ಚು ಸೋಲನ್ನು ಕಂಡ ತರಬೇತುದಾರರು ಒಬ್ಬರೇ. ಅವರು ಮತ್ತಾರೂ ಅಲ್ಲ, ಆ ಆಟವನ್ನೇ ಹುಟ್ಟುಹಾಕಿದ ಡಾ. ಜೇಮ್ಸ್ ನೈಸ್ಮಿತ್. ಗೆದ್ದದ್ದು 55 ಪಂದ್ಯ, ಸೋತದ್ದು 60. ಈ ಲೆಕ್ಕ ಅವರ ನಿದ್ದೆ ಕೆಡಿಸಿದಂತೆ ಕಾಣುವುದಿಲ್ಲ.

ನೈಸ್ಮಿತ್ ಜನಿಸಿದ್ದು 1861ರ ನವೆಂಬರ್ 6ರಂದು, ಕೆನಡಾದ ಆಂಟಾರಿಯೋ ಪ್ರಾಂತ್ಯದ ಆಲ್ಮಂಟ್ ಎಂಬ ಊರಿನ ಬಳಿ. 1870ರಲ್ಲಿ ವಿಷಮಶೀತ ಜ್ವರ ತಂದೆ ತಾಯಿ ಇಬ್ಬರನ್ನೂ ಬಲಿ ತೆಗೆದುಕೊಂಡಿತು. ಅನಾಥ ಮಕ್ಕಳಿಗೆ ಸೋದರಮಾವ ಆಸರೆಯಾದರು. ಹದಿಹರೆಯದಲ್ಲಿ ಶಾಲೆ ತೊರೆದ ಜೇಮ್ಸ್ ಕೆಲವು ವರ್ಷ ಕಾಡಿನಲ್ಲಿ ಮರ ಕಡಿಯುವ ಕೂಲಿಯಾದರು. ಅನಂತರ ಮನಸ್ಸು ಬದಲಾಯಿಸಿ ತಮಗಿಂತ ಕಿರಿಯರೊಡನೆ ಮತ್ತೆ ಶಾಲೆಯ ಬೆಂಚಿನ ಮೇಲೆ ಕುಳಿತರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಪಾದ್ರಿಯಾಗಲೆಂದು ದೇವತಾಶಾಸ್ತ್ರವನ್ನೂ ಓದಿದರು. ಆದರೆ ಯುವಕರ ಮನಸ್ಸನ್ನು ತಿದ್ದಲು ಪ್ರವಚನ ಪೀಠಕ್ಕಿಂತ ಆಟದ ಬಯಲೇ ಮೇಲೆಂಬ ನಂಬಿಕೆ ಅವರಲ್ಲಿ ಬೇರೂರಿತು. ದೇವರ ಕೆಲಸ ಬಿಟ್ಟು ಕುಸ್ತಿ, ಕಸರತ್ತಿನ ಹಿಂದೆ ಹೋದವನೆಂಬ ಅಸಮಾಧಾನ ಮನೆಯವರಿಗಿತ್ತು.

1891ರಲ್ಲಿ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯ ಬೋಧಕರಾದರು. ಅಲ್ಲಿನ ಚಳಿಗಾಲ ಕಠೋರವಾದುದು. ಫುಟ್‌ಬಾಲ್ ಮುಗಿದು ಬೇಸ್‌ಬಾಲ್ ಆರಂಭವಾಗುವವರೆಗೆ ವಿದ್ಯಾರ್ಥಿಗಳು ನಾಲ್ಕು ಗೋಡೆಗಳ ನಡುವೆ ಬೇಸರದ ಕವಾಯತು ಮಾಡಬೇಕಿತ್ತು. ಒಂದು ತರಗತಿಯಂತೂ ಇಬ್ಬರು ಬೋಧಕರನ್ನು ಹೈರಾಣು ಮಾಡಿತ್ತು. ಆ ತರಗತಿಯನ್ನು ನೈಸ್ಮಿತ್‌ಗೆ ಒಪ್ಪಿಸಿದ ಮೇಲಧಿಕಾರಿ ಲೂಥರ್ ಗುಲಿಕ್, ಒಳಾಂಗಣಕ್ಕೆ ಹೊಂದುವ ಹೊಸ ಆಟವೊಂದನ್ನು ರೂಪಿಸಲು ಕೊಟ್ಟ ಗಡುವು 14 ದಿನ. ಬಾಸ್ಕೆಟ್‌ಬಾಲ್ ಹುಟ್ಟಿದ್ದು ಕಚೇರಿಯ ಒಂದು ಆದೇಶದಿಂದ!

ಹಳೆಯ ಆಟಗಳನ್ನೇ ಒಳಗೆ ಆಡಿಸಲು ಹೋಗಿ ನೈಸ್ಮಿತ್ ಸೋತರು. ಬಳಿಕ ಅವರು ತರ್ಕದ ಮೊರೆಹೋದರು. ಚೆಂಡು ಹಿಡಿದು ಓಡುವುದರಿಂದ ತಾನೇ ಎದುರಾಳಿಯನ್ನು ಕೆಡವಬೇಕಾಗುವುದು? ಓಡುವುದನ್ನೇ ನಿಷೇಧಿಸಿದರು. ಗುರಿ ಎದುರಿಗಿದ್ದರೆ ಬಲವಾಗಿ ಎಸೆಯುವ ಆಸೆ ಹುಟ್ಟುತ್ತದೆ. ಆದ್ದರಿಂದ ಗುರಿಯನ್ನು ತಲೆಯ ಮೇಲಕ್ಕೆ ಏರಿಸಿದರು. ಬಾಲ್ಯದಲ್ಲಿ ಬಂಡೆಯ ಮೇಲಿನ ಕಲ್ಲನ್ನು ಉರುಳಿಸುವ ಆಟದಲ್ಲಿ, ರಭಸದ ಎಸೆತಕ್ಕಿಂತ ಬಾಗಿ ಹೋಗುವ ಮೆಲು ಎಸೆತವೇ ಗೆಲ್ಲುತ್ತಿದ್ದುದು ಅವರ ನೆನಪಿನಲ್ಲಿತ್ತು. ಎರಡು ಪೆಟ್ಟಿಗೆ ಬೇಕೆಂದು ಜವಾನನನ್ನು ಕೇಳಿದರೆ ಸಿಕ್ಕಿದ್ದು ಪೀಚ್ ಹಣ್ಣಿನ ಬುಟ್ಟಿಗಳು. ಅವನ್ನು ಮೇಲಂತಸ್ತಿನ ಕಟಕಟೆಗೆ ಮೊಳೆ ಹೊಡೆದು ನಿಲ್ಲಿಸಿದರು. ಕಟಕಟೆಯ ಎತ್ತರ 10 ಅಡಿ ಇತ್ತು. ಇಂದಿಗೂ ಆ ಎತ್ತರ ಬದಲಾಗಿಲ್ಲ.

1891ರ ಡಿಸೆಂಬರ್ 21ರಂದು 13 ನಿಯಮಗಳ ಹಾಳೆ ಗೋಡೆಗೇರಿತು. 18 ಮಂದಿ, ಕಡೆಗೆ ಒಂಬತ್ತರಂತೆ, ಫುಟ್‌ಬಾಲ್ ಹಿಡಿದು ಆಡಿದರು. ಇಡೀ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಚೆಂಡು. 1939ರ ಜನವರಿಯಲ್ಲಿ ರೇಡಿಯೊ ಸಂದರ್ಶನವೊಂದರಲ್ಲಿ ನೈಸ್ಮಿತ್ ಆ ಮೊದಲ ಆಟ ಹೊಡೆದಾಟದಲ್ಲಿ ಮುಗಿದುದನ್ನು ನೆನೆದಿದ್ದರು. ಹಲವರ ಕಣ್ಣು ಕಪ್ಪಿಟ್ಟಿತ್ತು, ಒಬ್ಬ ಪ್ರಜ್ಞೆ ತಪ್ಪಿದ್ದ. ಆದರೂ ಹುಡುಗರು ಮತ್ತೆ ಆಡಿಸಿರೆಂದು ಬೆನ್ನು ಬಿದ್ದರಂತೆ. ವಿದ್ಯಾರ್ಥಿಯೊಬ್ಬ ಆಟಕ್ಕೆ ಗುರುವಿನ ಹೆಸರನ್ನೇ ಇಡೋಣವೆಂದಾಗ ನೈಸ್ಮಿತ್ ನಕ್ಕು ತಳ್ಳಿಹಾಕಿದರು. ಬುಟ್ಟಿ ಇದೆ, ಚೆಂಡಿದೆ. ಹೆಸರೂ ಅದೇ ಆಯಿತು.

ವೈಎಂಸಿಎ ಶಾಖೆಗಳ ಮೂಲಕ ಆಟ ದೇಶ ದಾಟಿತು. ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತರಬೇತಾದ ಹ್ಯಾರಿ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ನೈಸ್ಮಿತ್ ಮಾತ್ರ ಆಟದಿಂದ ಹಣ ಮಾಡುವ ಗೋಜಿಗೇ ಹೋಗಲಿಲ್ಲ. ಡೆನ್ವರ್‌ನಲ್ಲಿ ವೈದ್ಯಕೀಯ ಪದವಿ ಪಡೆದು 1898ರಲ್ಲಿ ಕಾನ್ಸಾಸ್ ಸೇರಿದಾಗ ಅವರಿಗೆ ವಹಿಸಿದ ಕೆಲಸ ಪ್ರಾರ್ಥನೆ ನಡೆಸುವುದು ಮತ್ತು ದೈಹಿಕ ಶಿಕ್ಷಣ ಕಲಿಸುವುದು. ಬಾಸ್ಕೆಟ್‌ಬಾಲ್ ತಂಡ ಅದರ ಜತೆಗೆ ಅಂಟಿಕೊಂಡಿತು. ಅವರಿಗೆ ಕುಸ್ತಿ, ಕತ್ತಿವರಸೆಗಳೇ ಹೆಚ್ಚು ಪ್ರಿಯವಾಗಿದ್ದವು.

ಅವರ ಶಿಷ್ಯ ಫಾರೆಸ್ಟ್ ಆಲೆನ್ ಬೇರೆಯ ಅಚ್ಚಿನವರು. ಬೇರೊಂದು ಕಾಲೇಜು ತಮ್ಮನ್ನು ತರಬೇತುದಾರನಾಗಲು ಕರೆದಿದೆ ಎಂದು ಆಲೆನ್ ತಿಳಿಸಿದಾಗ ಗುರುವಿಗೆ ಅಚ್ಚರಿಯಾಯಿತಂತೆ. ಈ ಆಟವನ್ನು ಆಡಬೇಕೇ ಹೊರತು ಅದರಲ್ಲಿ ಕಲಿಸುವುದೇನಿದೆ ಎಂಬುದು ಅವರ ನಿಲುವು. ಗೆಲುವಿನ ತಂತ್ರವೇ ಒಂದು ವೃತ್ತಿಯಾಗುವ ಕಾಲ ಬರುತ್ತಿತ್ತು. ಅದನ್ನು ಶಿಷ್ಯ ಕಂಡರು, ಗುರು ಕಾಣಲಿಲ್ಲ. ಕಾಣಲು ಇಚ್ಛಿಸಲಿಲ್ಲ ಎಂದರೂ ಸರಿ. ಆದರೂ ಇಬ್ಬರ ಸ್ನೇಹ ಕೆಡಲಿಲ್ಲ. ಒಲಿಂಪಿಕ್ಸ್‌ಗೆ ಆಟವನ್ನು ಸೇರಿಸಲು ಓಡಾಡಿದವರಲ್ಲಿ ಆಲೆನ್ ಪ್ರಮುಖರು. ಪ್ರಾಧ್ಯಾಪಕರ ಸಂಬಳದಲ್ಲಿ ಬರ್ಲಿನ್ ಪಯಣ ಸಾಧ್ಯವಿರದ ನೈಸ್ಮಿತ್‌ಗಾಗಿ ಪಂದ್ಯಗಳ ಟಿಕೆಟಿನಿಂದ ಒಂದೊಂದು ಸೆಂಟ್ ಎತ್ತಿಡಲಾಯಿತು. 1936ರಲ್ಲಿ 74ರ ಆ ವೃದ್ಧರು ಅಲ್ಲಿ 20ಕ್ಕೂ ಹೆಚ್ಚು ದೇಶಗಳು ತಮ್ಮ ಆಟ ಆಡುವುದನ್ನು ಕಂಡರು. ಮಳೆಯಲ್ಲಿ ಕೆಸರಾದ ಬಯಲಿನಲ್ಲಿ ನಡೆದ ಫೈನಲ್‌ನಲ್ಲಿ ಅಮೆರಿಕ ಕೆನಡಾವನ್ನು 19-8ರಿಂದ ಸೋಲಿಸಿತು. ಒಂದು ಹುಟ್ಟಿದ ನಾಡು, ಇನ್ನೊಂದು 1925ರಲ್ಲಿ ಪೌರತ್ವ ನೀಡಿದ ನಾಡು.

ಆ ವರ್ಷಗಳಲ್ಲೇ ಜಾನ್ ಮೆಕ್ಲೆಂಡನ್ ಎಂಬ ಕಪ್ಪು ಯುವಕ ಕಾನ್ಸಾಸ್‌ನಲ್ಲಿ ಓದುತ್ತಿದ್ದ. ವರ್ಣಭೇದದಿಂದಾಗಿ ವಿಶ್ವವಿದ್ಯಾಲಯದ ತಂಡದಲ್ಲಿ ಅವನಿಗೆ ಸ್ಥಾನವಿರಲಿಲ್ಲ. ಅವನ ಮಾರ್ಗದರ್ಶಕರಾಗಿ ನಿಂತವರು ನೈಸ್ಮಿತ್. ಕಲಿಸುವುದೇನಿದೆ ಎಂದವರ ಬಳಿ ಕಲಿತ ಈ ಶಿಷ್ಯ ಮುಂದೆ ಟೆನೆಸ್ಸೀ ಸ್ಟೇಟ್ ತಂಡಕ್ಕೆ 1957ರಿಂದ 1959ರವರೆಗೆ ಸತತ ಮೂರು ರಾಷ್ಟ್ರೀಯ ಕಾಲೇಜು ಪ್ರಶಸ್ತಿ ತಂದುಕೊಟ್ಟರು. ಕಾನ್ಸಾಸ್‌ನಲ್ಲಿ ಆಲೆನ್ ಕೈಕೆಳಗೆ ಆಡಿ ಬೆಳೆದ ಮತ್ತೊಬ್ಬರು ಅಡಾಲ್ಫ್ ರಪ್. 1966ರ ಕಾಲೇಜು ಫೈನಲ್‌ನಲ್ಲಿ ಬಿಳಿಯರೇ ತುಂಬಿದ್ದ ರಪ್ ಅವರ ಕೆಂಟಕಿ ತಂಡವನ್ನು, ಐವರು ಕಪ್ಪು ಆಟಗಾರರೊಂದಿಗೆ ಕಣಕ್ಕಿಳಿದ ಟೆಕ್ಸಾಸ್ ವೆಸ್ಟರ್ನ್ 72-65ರಿಂದ ಮಣಿಸಿತು. 2006ರಲ್ಲಿ ತೆರೆಕಂಡ ಗ್ಲೋರಿ ರೋಡ್ ಚಿತ್ರದ ಕಥೆ ಅದೇ. ಒಂದೇ ವಿದ್ಯಾಲಯದ ನೆರಳಿನಿಂದ ಹೊರಟ ಎರಡು ದಾರಿಗಳು ಎಷ್ಟು ದೂರ ಸರಿದವೆಂಬುದು ಆ ಚಿತ್ರ ಕಂಡವರಲ್ಲಿ ಎಷ್ಟು ಮಂದಿಗೆ ಹೊಳೆದೀತೋ!

1939ರ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜುಗಳ ಮೊದಲ ಎನ್‌ಸಿಎಎ ಪಂದ್ಯಾವಳಿ ನಡೆಯಿತು. ಅದೇ ವರ್ಷ ನವೆಂಬರ್ 28ರಂದು ಲಾರೆನ್ಸ್ ನಗರದಲ್ಲಿ ನೈಸ್ಮಿತ್ ಕೊನೆಯುಸಿರೆಳೆದರು. ಅವರು ಬರೆದ ಆಟದ ಚರಿತ್ರೆ 1941ರಲ್ಲಿ, ಅವರಿಲ್ಲದಾಗ, ಪ್ರಕಟವಾಯಿತು. 13 ನಿಯಮಗಳ ಬೆರಳಚ್ಚು ಹಾಳೆಗಳು 2010ರ ಹರಾಜಿನಲ್ಲಿ 43 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾದವು. ಕೊಂಡವರು ಕಾನ್ಸಾಸ್‌ನ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್. ಹಾಳೆಗಳು ಈಗ ಅಲ್ಲಿನ ಕ್ರೀಡಾಂಗಣದ ಪಕ್ಕದ ಕಟ್ಟಡದಲ್ಲಿವೆ. ಆ ಕ್ರೀಡಾಂಗಣಕ್ಕೆ ಆಲೆನ್ ಹೆಸರು, ಒಳಗಿನ ಆಟದ ನೆಲಕ್ಕೆ ನೈಸ್ಮಿತ್ ಹೆಸರು.