ಮೂಕಿ ಚಿತ್ರ ತೆಗೆದ ಮಾತಿನ ಮಲ್ಲ ಗುಬ್ಬಿ ವೀರಣ್ಣ



ಸಿನಿಮಾ ಅಂದರೆ ನಮಗೆ ಹಾಡು, ಡೈಲಾಗು, ಫೈಟಿಂಗು. ಆದರೆ ಮೊದಮೊದಲು ಸಿನಿಮಾಕ್ಕೆ ಬಾಯೇ ಇರಲಿಲ್ಲ. ಪರದೆ ಮೇಲೆ ಜನ ಓಡಾಡುತ್ತಿದ್ದರು, ತುಟಿ ಅಲ್ಲಾಡಿಸುತ್ತಿದ್ದರು, ಮಾತು ಮಾತ್ರ ಕೇಳುತ್ತಿರಲಿಲ್ಲ. ನಡುನಡುವೆ ಅಕ್ಷರಗಳು ಬರುತ್ತಿದ್ದವು. ಓದು ಬಾರದವರಿಗೆ ಯಾರಾದರೂ ಓದಿ ಹೇಳಬೇಕಿತ್ತು. ಇದೇ ಮೂಕಿ ಚಿತ್ರ. ಅಮೆರಿಕದ ಚಿತ್ರಗಳಲ್ಲಿ ನಟಿಸಿದ ಚಾರ್ಲಿ ಚಾಪ್ಲಿನ್ ಲೋಕಕ್ಕೆಲ್ಲ ಗೊತ್ತಾದದ್ದು ಇಂಥ ಚಿತ್ರಗಳಿಂದಲೇ. ನಮ್ಮ ದೇಶದಲ್ಲಿ ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದರು. ಕನ್ನಡನಾಡಿನಲ್ಲಿ ಈ ಸಾಹಸಕ್ಕೆ ಕೈ ಹಾಕಿದವರಲ್ಲಿ ನಾಟಕರತ್ನ ಗುಬ್ಬಿ ವೀರಣ್ಣನವರು ಒಬ್ಬರು. ಅವರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅಲ್ಲಿ 1884ರಲ್ಲೇ ಒಂದು ನಾಟಕ ಕಂಪನಿ ಶುರುವಾಗಿತ್ತು. ಊರ ದೇವರು ಚನ್ನಬಸವೇಶ್ವರನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಹುಡುಗ ವೀರಣ್ಣ ಚಿಕ್ಕ ವಯಸ್ಸಿನಲ್ಲೇ ಬಣ್ಣ ಹಚ್ಚಿದ. ನಾವು ಮಗ್ಗಿ ಕಲಿಯುವ ವಯಸ್ಸಿನಲ್ಲಿ ಅವನು ಪಾರ್ಟು ಕಲಿತ. ಮುಂದೆ 1917ರಲ್ಲಿ ಕಂಪನಿಗೆ ಅವರೇ ಮಾಲೀಕರಾದರು.

ವೀರಣ್ಣನವರು ಹಾಸ್ಯದ ಪಾತ್ರಕ್ಕೆ ಹೆಸರುವಾಸಿ. 'ಸದಾರಮೆ' ನಾಟಕದ ಕಳ್ಳನ ಪಾತ್ರ ನೋಡಲಿಕ್ಕೇ ಜನ ಬರುತ್ತಿದ್ದರು. ಮೈಸೂರು ಮಹಾರಾಜರು ಅವರಿಗೆ 'ನಾಟಕರತ್ನ' ಅಂತ ಬಿರುದು ಕೊಟ್ಟರು. ಗಂಡಸರೇ ಸೀರೆ ಉಟ್ಟು ಪಾರ್ಟು ಮಾಡುತ್ತಿದ್ದ ಕಾಲದಲ್ಲಿ ಅವರು ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದು ಮರ್ಯಾದೆ ತಂದುಕೊಟ್ಟರು. ಅವರ ಪತ್ನಿ ಬಿ. ಜಯಮ್ಮನವರೂ ದೊಡ್ಡ ನಟಿ. 'ಕುರುಕ್ಷೇತ್ರ' ನಾಟಕಕ್ಕಂತೂ ನಿಜವಾದ ಆನೆ, ಕುದುರೆಗಳನ್ನೇ ತಂದರು. ನಮ್ಮ ಕಡೆ ಹಬ್ಬ ಜಾತ್ರೆಗೆ ನಾಟಕ ಆಡಬೇಕಾದರೆ ಬಾಡಿಗೆ ಸೀನು, ಲೈಟು ಹೊಂದಿಸುವಷ್ಟರಲ್ಲೇ ಸಾಕುಸಾಕಾಗುತ್ತೆ. ಆನೆ ತರೋದು ಅಂದ್ರೆ ಎಷ್ಟು ಎದೆಗಾರಿಕೆ ಬೇಕು, ನೀವೇ ಯೋಚಿಸಿ!

ಇಷ್ಟು ಮಾತುಗಾರ ಮೂಕಿ ಚಿತ್ರಕ್ಕೆ ಯಾಕೆ ಹೋದರು? ಹೊಸದು ಏನು ಬಂದರೂ ಅದನ್ನು ಕನ್ನಡಿಗರೂ ಮಾಡಬೇಕು ಅನ್ನೋ ಛಲ ಇತ್ತು ಅಂತ ನನಗೆ ಅನ್ನಿಸುತ್ತೆ. ಬೆಂಗಳೂರಿನಲ್ಲಿ ಚಿತ್ರಸಂಸ್ಥೆ ಕಟ್ಟಿದರು. ಬೆಲ್ಜಿಯಂ ದೇಶದ ರಫೇಲ್ ಅಲ್ಗೋಟ್ ಎಂಬುವರ ನಿರ್ದೇಶನದಲ್ಲಿ 1931ರಲ್ಲಿ 'ಹಿಸ್ ಲವ್ ಅಫೇರ್' ತಯಾರಾಯಿತು. ವೀರಣ್ಣ, ಜಯಮ್ಮ ಇಬ್ಬರೂ ಅದರಲ್ಲಿ ನಟಿಸಿದರು. ಆಮೇಲೆ ವೈ.ವಿ. ರಾವ್ ನಿರ್ದೇಶನದ 'ಹರಿಮಾಯಾ' ಬಂತು.

ಆದರೆ ಕಾಲ ಕಾಯಲಿಲ್ಲ. ಅದೇ 1931ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ 'ಆಲಂ ಆರಾ' ಬಂದು ಸಿನಿಮಾ ಮಾತಾಡಿತು, ಹಾಡಿತು. ಮಾತು ಕೇಳಿದ ಜನ ಮೂಕಿಗೆ ಯಾಕೆ ಬರುತ್ತಾರೆ? 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡಿತು. ಅದರ ನಿರ್ದೇಶಕರೂ ಅದೇ ವೈ.ವಿ. ರಾವ್! ವೀರಣ್ಣನವರು ಕೈಕಟ್ಟಿ ಕೂರಲಿಲ್ಲ. ಮಾತಿನ ಚಿತ್ರಕ್ಕೂ ಬಂದರು. 1935ರಲ್ಲಿ 'ಸದಾರಮೆ' ಸಿನಿಮಾ ಆಯಿತು. 1954ರಲ್ಲಿ ಅವರ ಸಂಸ್ಥೆಯೂ ಸೇರಿ ತಯಾರಿಸಿದ 'ಬೇಡರ ಕಣ್ಣಪ್ಪ'ದಲ್ಲಿ, ಕಂಪನಿಯಲ್ಲೇ ಬೆಳೆದ ಮುತ್ತುರಾಜ್ ನಾಯಕನಾಗಿ ರಾಜ್‌ಕುಮಾರ್ ಆದರು. ಮನೆಬಿಟ್ಟು ಬಂದು ಕಂಪನಿ ಸೇರಿದ್ದ ಬಿ.ವಿ. ಕಾರಂತ ಎಂಬ ಹುಡುಗನನ್ನು ಓದಲಿಕ್ಕೆ ಕಾಶಿಗೆ ಕಳಿಸಿದವರೂ ಇವರೇ.

1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್ 18ರಂದು ವೀರಣ್ಣನವರು ತೀರಿಕೊಂಡರು. ಅವರ ಹೆಸರಿನಲ್ಲಿ ಸರ್ಕಾರ ರಂಗಭೂಮಿಯವರಿಗೆ ಪ್ರಶಸ್ತಿ ಕೊಡುತ್ತದೆ.

ಒಂದು ಬೇಸರದ ಸಂಗತಿ. ನಮ್ಮ ದೇಶದ ಮೂಕಿ ಚಿತ್ರಗಳಲ್ಲಿ ಬಹುಪಾಲು ಇವತ್ತು ಉಳಿದಿಲ್ಲ. ಆಗಿನ ಫಿಲ್ಮು ಬೇಗ ಬೆಂಕಿ ಹತ್ತುವಂಥದ್ದು. ಅದರಲ್ಲಿದ್ದ ಬೆಳ್ಳಿ ತೆಗೆಯಲು ಕರಗಿಸಿದವರೂ ಉಂಟು. ಕಷ್ಟಪಟ್ಟು ಮಾಡಿದ್ದು ಕಾಪಾಡುವವರಿಲ್ಲದೆ ಹೋಯಿತು. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲೂ ಹಾರ್ಮೋನಿಯಂ ಮೇಷ್ಟ್ರು, ಪಾರ್ಟು ಮಾಡಿದ ಅಜ್ಜಂದಿರು ಇದ್ದಾರೆ. ಅವರ ಹತ್ತಿರ ಕೂತು ಕೇಳಿ ಬರೆದಿಡೋಣ. ಮುಂದಿನ ಸಂಚಿಕೆಗೆ ಒಬ್ಬೊಬ್ಬರೂ ಒಬ್ಬ ಕಲಾವಿದರ ವಿಷಯ ತನ್ನಿ ಗೆಳೆಯರೇ.